ಯಾರೂ ಮಾರಲಾಗದ ಔಷಧಕ್ಕೆ ದುಡ್ಡು ಹಾಕುವವರು ಯಾರು?

ಪ್ರಶ್ನೆ: ನನ್ನ ತಂದೆಗೆ 78 ವರ್ಷ. ಬಹಳ ಕಾಲದಿಂದ ಸಕ್ಕರೆ ಕಾಯಿಲೆ, ಬಿಪಿ ಇದೆ. ಈಚೆಗೆ ಮರೆವು ಹೆಚ್ಚಾಗಿ, ಡಾಕ್ಟರು ಡಿಮೆನ್ಷಿಯಾ ಎಂದಿದ್ದಾರೆ. ಕೆಲಸ ಬಿಟ್ಟು ಅವರನ್ನು ನೋಡಿಕೊಳ್ಳುತ್ತಿರುವವಳು ನಾನು. ಮುಪ್ಪಿನ ಸಂಶೋಧನೆಗೆ ಸರ್ಕಾರಗಳು ಸಾವಿರಾರು ಕೋಟಿ ಸುರಿಯುತ್ತಿವೆ ಎಂದು ಓದುತ್ತೇನೆ. ಅದರಲ್ಲಿ ನನ್ನ ಮನೆ ಬಾಗಿಲಿಗೆ ಬಂದದ್ದೇನು? ಔಷಧ ಕಂಪನಿಗಳೇ ಸಂಶೋಧನೆ ಮಾಡುವಾಗ ತೆರಿಗೆ ಹಣ ಏಕೆ ಬೇಕು? ಇದು 'ಯಾರದ್ದೋ ದುಡ್ಡು, ಎಲ್ಲಮ್ಮನ ಜಾತ್ರೆ' ಅಲ್ಲವೇ? ನಾಳೆ ಇಂಥ ಅಧ್ಯಯನಕ್ಕೆ ತಂದೆಯನ್ನು ಸೇರಿಸಿ ಎಂದು ಯಾರಾದರೂ ಕೇಳಿದರೆ ಒಪ್ಪಬಹುದೇ?

ಉತ್ತರ: ನೀವು ಕೇಳಿದ್ದು ಒಂದಲ್ಲ, ಮೂರು ಪ್ರಶ್ನೆ. ಅಧ್ಯಯನಕ್ಕೆ ಸೇರಿಸಬಹುದೇ ಎಂಬುದಕ್ಕೆ ಆಮೇಲೆ ಬರುತ್ತೇನೆ. ಬಾಗಿಲಿಗೆ ಬಂದದ್ದೇನು ಎಂಬುದಕ್ಕೆ ತಂದೆಯವರ ಔಷಧಿ ಚೀಟಿಯಲ್ಲೇ ಅರ್ಧ ಉತ್ತರವಿದೆ. ಅದರಲ್ಲಿ ಏನು ಬರೆದಿದೆ ಎನ್ನುವುದಕ್ಕಿಂತ ಏನು ಬರೆದಿಲ್ಲ ಎಂದು ನೋಡಿ.

ಹೃದಯಾಘಾತವಾಗಲಿ ಪಾರ್ಶ್ವವಾಯುವಾಗಲಿ ಆಗಿರದ, ಸ್ಟೆಂಟ್ ಕೂಡ ಹಾಕಿಸಿಕೊಳ್ಳದ ಹಿರಿಯರಿಗೂ 'ಮುಂಜಾಗ್ರತೆಗೆ ಇರಲಿ' ಎಂದು ದಿನಕ್ಕೊಂದು ಸಣ್ಣ ಆಸ್ಪಿರಿನ್ ಬರೆಯುವುದು ದಶಕಗಳ ಕಾಲ ವಾಡಿಕೆಯಾಗಿತ್ತು. ರಕ್ತ ಹೆಪ್ಪುಗಟ್ಟದಿದ್ದರೆ ಹೃದಯಕ್ಕೂ ಒಳ್ಳೆಯದು, ಮಿದುಳಿಗೂ ಒಳ್ಳೆಯದು ಎಂಬ ತರ್ಕದಲ್ಲಿ ಮೇಲ್ನೋಟಕ್ಕೆ ತಪ್ಪೇನೂ ಕಾಣುತ್ತಿರಲಿಲ್ಲ. ಅದನ್ನು ಪರೀಕ್ಷೆಗೆ ಒಡ್ಡಿದ್ದು ಆಸ್ಪ್ರೀ ಎಂಬ ಅಧ್ಯಯನ. ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ಮಂದಿ ಅದರಲ್ಲಿದ್ದರು, ಹೆಚ್ಚಿನವರು ಎಪ್ಪತ್ತು ದಾಟಿದವರು. ಅರ್ಧ ಜನಕ್ಕೆ ದಿನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ನೋಡಲು ಹಾಗೆಯೇ ಇರುವ ಹುಸಿ ಮಾತ್ರೆ. ಸುಮಾರು ಐದು ವರ್ಷಗಳ ನಂತರ, 2018ರಲ್ಲಿ ಲೆಕ್ಕ ಹೊರಬಿತ್ತು. ಡಿಮೆನ್ಷಿಯಾ ಇಲ್ಲದೆ, ಇನ್ನೊಬ್ಬರನ್ನು ಅವಲಂಬಿಸದೆ ಬದುಕುವುದರಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸವೇ ಇರಲಿಲ್ಲ. ಗಂಭೀರ ರಕ್ತಸ್ರಾವ ಮಾತ್ರ ಆಸ್ಪಿರಿನ್ ಗುಂಪಿನಲ್ಲಿ ಶೇ 3.8, ಇನ್ನೊಂದರಲ್ಲಿ ಶೇ 2.8. (ಒಂದು ಎಚ್ಚರಿಕೆ: ಈಗಾಗಲೇ ಹೃದಯಾಘಾತವಾದವರ ಕಥೆ ಬೇರೆ, ಅವರಿಗೆ ಆಸ್ಪಿರಿನ್ ಬೇಕಾಗುತ್ತದೆ. ಇದನ್ನು ಓದಿ ಯಾರೂ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.)

ಈಗ ಯೋಚಿಸಿ. ಅಮೆರಿಕದಲ್ಲಿ ಆಸ್ಪಿರಿನ್ ಪೇಟೆಂಟ್ 1917ರಲ್ಲೇ ಮುಗಿದಿದೆ. 'ಈ ಮಾತ್ರೆ ನಿಮಗೆ ಬೇಡ' ಎಂದು ತಿಳಿಯುವುದಕ್ಕೆ ಹತ್ತೊಂಬತ್ತು ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಖರ್ಚನ್ನು ಯಾವ ಕಂಪನಿ ಹೊರುತ್ತದೆ? ಹೊತ್ತದ್ದು ಮುಖ್ಯವಾಗಿ ಅಮೆರಿಕದ ರಾಷ್ಟ್ರೀಯ ವಯೋವೃದ್ಧಿ ಸಂಸ್ಥೆ, ಅಂದರೆ ಎನ್‌ಐಎ, ಮತ್ತು ಆಸ್ಟ್ರೇಲಿಯಾದ ಸರ್ಕಾರಿ ವೈದ್ಯಕೀಯ ಸಂಶೋಧನಾ ಮಂಡಳಿ.

ಸಕ್ಕರೆಯ ವಿಷಯವೂ ಹೀಗೆಯೇ. ಸಕ್ಕರೆಯನ್ನು ಎಷ್ಟು ಇಳಿಸಿದರೆ ಅಷ್ಟು ಒಳ್ಳೆಯದು ಎಂಬ ನಂಬಿಕೆ ಗಟ್ಟಿಯಾಗಿದ್ದ ಕಾಲದಲ್ಲಿ ಅಮೆರಿಕ ಸರ್ಕಾರದ ಹಣದಿಂದ ಅಕಾರ್ಡ್ ಎಂಬ ಅಧ್ಯಯನ ನಡೆಯಿತು. ಟೈಪ್ 2 ಮಧುಮೇಹದ ಜೊತೆಗೆ ಹೃದ್ರೋಗವಿದ್ದ ಅಥವಾ ಅದರ ಅಪಾಯ ಹೆಚ್ಚಿದ್ದ 10,251 ಜನರಲ್ಲಿ ಒಂದು ಗುಂಪಿಗೆ ಎಚ್‌ಬಿಎ1ಸಿಯನ್ನು (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ರಕ್ತಪರೀಕ್ಷೆಯ ಅಂಕಿ) 6ಕ್ಕಿಂತ ಕೆಳಗಿಳಿಸುವ ಗುರಿ, ಇನ್ನೊಂದಕ್ಕೆ 7ರಿಂದ 7.9ರ ಸಡಿಲ ಗುರಿ. 2008ರಲ್ಲಿ ಬಿಗಿ ಗುರಿಯ ಭಾಗವನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು, ಏಕೆಂದರೆ ಆ ಗುಂಪಿನಲ್ಲಿ ಸಾವು ಹೆಚ್ಚಾಗಿತ್ತು: 203ರ ಎದುರು 257. ಇಂದು ಹಲವು ಕಾಯಿಲೆಗಳಿರುವ, ಮರೆವು ಶುರುವಾಗಿರುವ ಹಿರಿಯರಿಗೆ ಗುರಿಯನ್ನು 8ರ ಆಸುಪಾಸಿಗೆ ಸಡಿಲಿಸಿ ಎಂದು ಮಾರ್ಗಸೂಚಿಗಳು ಹೇಳುವುದರ ಹಿಂದೆ ಇಂಥ ಅಧ್ಯಯನಗಳಿವೆ. ಸಕ್ಕರೆ ತೀರಾ ಕುಸಿದರೆ ಬೀಳುವುದು, ಗೊಂದಲ, ಆಸ್ಪತ್ರೆ ಎಲ್ಲವೂ ಬೆನ್ನಿಗೇ ಬರುತ್ತವೆ. ತಾನು ಊಟ ಮಾಡಿದೆನೋ ಇಲ್ಲವೋ ಎಂದೇ ಮರೆಯುವವರಲ್ಲಿ ಈ ಅಪಾಯ ಇನ್ನೂ ದೊಡ್ಡದು. ಆದ್ದರಿಂದ ನಿಮ್ಮ ಡಾಕ್ಟರು 'ಎಂಟರೊಳಗಿದ್ದರೆ ಸಾಕು' ಎಂದರೆ ಅದನ್ನು ಉದಾಸೀನ ಎಂದುಕೊಳ್ಳಬೇಡಿ. ಬದಲಿಗೆ 'ಆರಕ್ಕೆ ತನ್ನಿ' ಎಂದು ಪಟ್ಟು ಹಿಡಿದರೆ ಏಕೆಂದು ಕೇಳಿ.

ಇನ್ನು ಕಂಪನಿಗಳ ಮಾತು. ಅವರನ್ನು ಬೈಯುವುದು ಸುಲಭ, ಆದರೆ ನನಗೆ ಅದರಲ್ಲಿ ಆಸಕ್ತಿಯಿಲ್ಲ. ಕಂಪನಿ ಕೇಳುವ ಪ್ರಶ್ನೆ 'ನನ್ನ ಹೊಸ ಔಷಧ ಕೆಲಸ ಮಾಡುತ್ತದೆಯೇ' ಎಂಬುದು. ಅದು ನ್ಯಾಯವಾದ ಪ್ರಶ್ನೆಯೇ. ಆದರೆ ರೋಗಿಗೆ ಬೇಕಾದ ಪ್ರಶ್ನೆಗಳು ಬೇರೆ. ಈಗಾಗಲೇ ಇರುವ ನಾಲ್ಕು ಔಷಧಗಳಲ್ಲಿ ಯಾವುದು ಮೊದಲು? ಯಾವ ವಯಸ್ಸಿನ ನಂತರ ನಿಲ್ಲಿಸಬೇಕು? ಔಷಧವೇ ಇಲ್ಲದೆ ಆಗುತ್ತದೆಯೇ? 2002ರಲ್ಲಿ ಪ್ರಕಟವಾದ ಆಲ್‌ಹ್ಯಾಟ್ ಅಧ್ಯಯನ ಇಂಥದೊಂದನ್ನು ಕೇಳಿತು. ಬಿಪಿ ಇದ್ದ, 55 ದಾಟಿದ 33 ಸಾವಿರಕ್ಕೂ ಹೆಚ್ಚು ಜನರಲ್ಲಿ ಆಗ ಜೋರಾಗಿ ಪ್ರಚಾರದಲ್ಲಿದ್ದ ಔಷಧಗಳನ್ನು, ಬಹಳ ಹಳೆಯದಾದ, ಅಗ್ಗದ, ಮೂತ್ರ ಹೆಚ್ಚಿಸುವ ಕ್ಲೋರ್‌ಥಾಲಿಡೋನ್ ಮಾತ್ರೆಯ ಎದುರು ನಿಲ್ಲಿಸಿದರು. ಹೃದಯಾಘಾತ ತಡೆಯುವುದರಲ್ಲಿ ಹೊಸವು ಹಳೆಯದನ್ನು ಮೀರಿಸಲಿಲ್ಲ.

ತಿರುಗುಮುರುಗಾದ ಉದಾಹರಣೆಯೂ ಇದೆ. ಸಕ್ಕರೆಗೆ ಕೊಡುವ ಮೆಟ್‌ಫಾರ್ಮಿನ್ ಮುಪ್ಪಿನ ಹಲವು ಕಾಯಿಲೆಗಳನ್ನು ಒಟ್ಟಿಗೇ ಮುಂದೂಡಬಲ್ಲುದೇ ಎಂದು ನೋಡಲು 65ರಿಂದ 79 ವಯಸ್ಸಿನ ಮೂರು ಸಾವಿರ ಜನರ ಮೇಲೆ ಆರು ವರ್ಷದ ಅಧ್ಯಯನವೊಂದನ್ನು ಅಮೆರಿಕದ ವಿಜ್ಞಾನಿಗಳು ಯೋಜಿಸಿದರು. ಹೆಸರು ಟೇಮ್. 2015ರಲ್ಲೇ ಔಷಧ ನಿಯಂತ್ರಣ ಸಂಸ್ಥೆಯ ಮುಂದೆ ಅದರ ಚರ್ಚೆಯಾಯಿತು. ಆಮೇಲೆ ವರ್ಷಗಟ್ಟಲೆ ಅದು ಹಣಕ್ಕಾಗಿ ಅಲೆಯಿತು. ಮೆಟ್‌ಫಾರ್ಮಿನ್ ಪೇಟೆಂಟ್ ಎಂದೋ ಮುಗಿದಿದೆ, ಫಲಿತಾಂಶ ಎಷ್ಟೇ ಚೆನ್ನಾಗಿ ಬಂದರೂ ಲಾಭ ಯಾರ ಜೇಬಿಗೂ ಹೋಗುವುದಿಲ್ಲ. ಮೆಟ್‌ಫಾರ್ಮಿನ್ ಮುಪ್ಪನ್ನು ತಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ, ತಡೆಯದಿರುವ ಸಾಧ್ಯತೆಯೇ ಹೆಚ್ಚು ಎಂಬುದು ನನ್ನ ಊಹೆ. ಆದರೆ ಲಕ್ಷಾಂತರ ಜನ ಆ ಮಾತನ್ನು ನಂಬಿ ಮಾತ್ರೆ ನುಂಗಲು ಶುರುಮಾಡಿರುವಾಗ, ಹೌದೋ ಅಲ್ಲವೋ ಎಂದು ತಿಳಿಯುವ ಗರಜು ಯಾರಿಗಿದೆ? ಸಾರ್ವಜನಿಕ ಹಣಕ್ಕೆ ಮಾತ್ರ.

ಹೊಸ ಔಷಧಗಳಲ್ಲೂ ತೆರಿಗೆದಾರನ ಪಾಲು ಇಲ್ಲದಿಲ್ಲ. 2010ರಿಂದ 2016ರವರೆಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆದ 210 ಹೊಸ ಔಷಧಗಳನ್ನು ಹಿಂದಕ್ಕೆ ಬೆನ್ನಟ್ಟಿ ನೋಡಿದಾಗ, ಒಂದೊಂದರ ಬೇರಿನಲ್ಲೂ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು (ಎನ್‌ಐಎಚ್) ದುಡ್ಡು ಕೊಟ್ಟು ನಡೆಸಿದ ಮೂಲ ಸಂಶೋಧನೆ ಸಿಕ್ಕಿತು. ಕಂಪನಿ ಬರುವುದು ದಾರಿ ಕಂಡ ಮೇಲೆ. ಕಾಡು ಕಡಿಯುವ ಹಂತದಲ್ಲಿ ಇರುವುದು ವಿಶ್ವವಿದ್ಯಾಲಯ ಮತ್ತು ಸರ್ಕಾರ.

ಜಾತ್ರೆಯ ಮಾತು ತೆಗೆದಿರಿ. ಅದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಮುಟ್ಟು ನಿಂತ ಮಹಿಳೆಯರಿಗೆ ಹೃದ್ರೋಗ ತಡೆಯಲು ಹಾರ್ಮೋನ್ ಮಾತ್ರೆ ಕೊಡುವುದು ಒಂದು ಕಾಲದಲ್ಲಿ ಸರ್ವೇಸಾಮಾನ್ಯವಾಗಿತ್ತು. ಅಮೆರಿಕ ಸರ್ಕಾರದ ಹಣದಲ್ಲಿ ನಡೆದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ಅಧ್ಯಯನ 16,608 ಮಹಿಳೆಯರಲ್ಲಿ ಈಸ್ಟ್ರೋಜನ್–ಪ್ರೊಜೆಸ್ಟಿನ್ ಜೋಡಿಯನ್ನು ಪರೀಕ್ಷಿಸಿತು. ಹೃದ್ರೋಗ ಕಡಿಮೆಯಾಗಲಿಲ್ಲ. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆ ಹೆಚ್ಚಾದವು, 2002ರಲ್ಲಿ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು. ಮಾತ್ರೆಯ ಬಳಕೆ ದಿಢೀರನೆ ಕುಸಿಯಿತು. 2014ರಲ್ಲಿ ಅರ್ಥಶಾಸ್ತ್ರಜ್ಞರು ಕೂತು ಲೆಕ್ಕ ಹಾಕಿದರು: ಅಧ್ಯಯನದ ಖರ್ಚು 26 ಕೋಟಿ ಡಾಲರ್, ತಪ್ಪಿದ ಕಾಯಿಲೆ ಮತ್ತು ಉಳಿದ ಆಯುಷ್ಯವನ್ನು ಹಣಕ್ಕೆ ತಿರುಗಿಸಿದರೆ ನಿವ್ವಳ ಲಾಭ 3,710 ಕೋಟಿ ಡಾಲರ್. ಆಯುಷ್ಯಕ್ಕೆ ಬೆಲೆ ಕಟ್ಟುವ ಈ ವಿದ್ಯೆಯ ಬಗ್ಗೆ ನನಗೆ ಅನುಮಾನಗಳಿವೆ. ಆದರೆ ಲಾಭದ ಹತ್ತರಲ್ಲಿ ಒಂಬತ್ತು ಪಾಲು ಕಳೆದು ಬಿಸಾಡಿದರೂ ಇದನ್ನು ಜಾತ್ರೆ ಎನ್ನಲು ನಾಲಿಗೆ ಹೊರಳುವುದಿಲ್ಲ. ಹಾರ್ಮೋನ್ ಎಲ್ಲರಿಗೂ ವಿಷ ಎಂದು ಆಗ ಎದ್ದ ಗುಲ್ಲು ಅತಿಯಾಯಿತು ಎಂಬುದನ್ನೂ ಹೇಳಬೇಕು. ಐವತ್ತರ ಆಸುಪಾಸಿನಲ್ಲಿ ತೀವ್ರ ತೊಂದರೆಯಿಂದ ನರಳುವವರಿಗೆ ಸ್ವಲ್ಪ ಕಾಲ ಕೊಡುವುದು ಬೇರೆ ವಿಷಯ ಎಂದು ಅದೇ ಅಧ್ಯಯನದ ಮುಂದಿನ ವಿಶ್ಲೇಷಣೆಗಳು ತೋರಿಸಿದವು.

ಸಾರ್ವಜನಿಕ ಹಣದ ಇನ್ನೊಂದು ಗುಣ ತಾಳ್ಮೆ. ನನ್ನ ಮಟ್ಟಿಗೆ ಅದೇ ದೊಡ್ಡದು. 1945ರಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡ ದಿನ ಅವರ ಬಿಪಿ 300/190 ಇತ್ತು. ವಯಸ್ಸಾದಂತೆ ಬಿಪಿ ಏರುವುದು ಸಹಜ, ಅದಕ್ಕೆ ಮಾಡುವಂಥದ್ದೇನೂ ಇಲ್ಲ ಎಂದು ವೈದ್ಯಲೋಕ ನಂಬಿದ್ದ ಕಾಲ ಅದು. ಮೂರು ವರ್ಷದ ನಂತರ, 1948ರಲ್ಲಿ, ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ 5,209 ಮಂದಿಯನ್ನು ಸರ್ಕಾರದ ಹಣದಲ್ಲಿ ಎರಡು ವರ್ಷಕ್ಕೊಮ್ಮೆ ಪರೀಕ್ಷಿಸುವ ಕೆಲಸ ಶುರುವಾಯಿತು. ಮಾಡಿದ್ದು ಇಷ್ಟೇ: ಆರೋಗ್ಯವಾಗಿದ್ದವರನ್ನು ಅಳೆದು ಬರೆದಿಟ್ಟುಕೊಳ್ಳುವುದು, ಮುಂದೆ ಯಾರಿಗೆ ಏನಾಯಿತು ಎಂದು ಕಾಯುವುದು. ಅಂದಾಜಿದ್ದದ್ದು ಇಪ್ಪತ್ತು ವರ್ಷ. ಅದು ಮಕ್ಕಳು, ಮೊಮ್ಮಕ್ಕಳ ತಲೆಮಾರಿಗೂ ಮುಂದುವರಿಯಿತು. ಬಿಪಿ, ಕೊಲೆಸ್ಟರಾಲ್, ಸಿಗರೇಟು ಹೃದಯಾಘಾತದ ಮುನ್ಸೂಚನೆಗಳೆಂದು ಇಂದು ಶಾಲೆಯ ಮಕ್ಕಳಿಗೂ ಗೊತ್ತಿದ್ದರೆ ಅದಕ್ಕೆ ದೊಡ್ಡ ಕಾರಣ ಆ ಊರಿನವರು ಕೈ ಚಾಚಿ ಬಿಪಿ ಪಟ್ಟಿ ಕಟ್ಟಿಸಿಕೊಂಡದ್ದು.

ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಅಲ್ಲಿನ ಸರ್ಕಾರಿ ಸಂಶೋಧನಾ ಮಂಡಳಿಯ ಬೆಂಬಲದಿಂದ 1951ರಲ್ಲಿ ವೈದ್ಯರಿಗೇ ಪ್ರಶ್ನಾವಳಿ ಕಳಿಸಿದರು: ನೀವು ಸಿಗರೇಟು ಸೇದುತ್ತೀರಾ? 34,439 ಗಂಡಸರ ಆ ಪಟ್ಟಿಯನ್ನು ಐವತ್ತು ವರ್ಷ ಹಿಂಬಾಲಿಸಿ 2004ರಲ್ಲಿ ಕೊನೆಯ ದೊಡ್ಡ ವರದಿ ಬರೆದಾಗ ಡಾಲ್ ಅವರಿಗೇ 91 ವರ್ಷ. ಸೇದುವವರು ಸರಾಸರಿ ಹತ್ತು ವರ್ಷ ಮೊದಲೇ ಸಾಯುತ್ತಾರೆ. ಅರವತ್ತರಲ್ಲಿ ಬಿಟ್ಟರೆ ಮೂರು ವರ್ಷ, ಐವತ್ತರಲ್ಲಿ ಬಿಟ್ಟರೆ ಆರು, ನಲವತ್ತರಲ್ಲಿ ಬಿಟ್ಟರೆ ಒಂಬತ್ತು ವರ್ಷ ವಾಪಸ್ ಸಿಗುತ್ತದೆ. ಮೂರು ತಿಂಗಳಿಗೊಮ್ಮೆ ಷೇರುದಾರರಿಗೆ ಲೆಕ್ಕ ಒಪ್ಪಿಸಬೇಕಾದ ಸಂಸ್ಥೆಗೆ ಇಂಥ ಅರ್ಧ ಶತಮಾನದ ಕಾಯುವಿಕೆ ಸಾಧ್ಯವೇ ಇಲ್ಲ. (ಸರ್ಕಾರಿ ಅಧ್ಯಯನಗಳಿಗೂ ಕುರುಡುಗಳಿದ್ದವು. 1958ರಲ್ಲಿ ಶುರುವಾದ, ಅಮೆರಿಕದ ಬಾಲ್ಟಿಮೋರ್‌ನ ಹೆಸರಾಂತ ಮುಪ್ಪಿನ ಅಧ್ಯಯನದಲ್ಲಿ 1978ರವರೆಗೆ ಹೆಂಗಸರೇ ಇರಲಿಲ್ಲ. ಇಪ್ಪತ್ತು ವರ್ಷ ಮುಪ್ಪು ಎಂದರೆ ಗಂಡಸರ ಮುಪ್ಪು.)

ಕಾಯಿಲೆ ಬರುವ ಮುನ್ನ ತಡೆಯುವ ವಿಷಯದಲ್ಲೂ ಕಾದವರಿಗೇ ಉತ್ತರ ಸಿಕ್ಕಿದ್ದು. 1986ರಲ್ಲಿ ಚೀನಾದ ಡಾಚಿಂಗ್ ನಗರದ 33 ಕ್ಲಿನಿಕ್ಕುಗಳಲ್ಲಿ, ಮಧುಮೇಹದ ಅಂಚಿನಲ್ಲಿದ್ದ 577 ಜನರಿಗೆ ಆಹಾರ, ವ್ಯಾಯಾಮದ ಪ್ರಯೋಗ ಆರು ವರ್ಷ ನಡೆಯಿತು. ಮೂವತ್ತು ವರ್ಷ ಬಿಟ್ಟು ಮತ್ತೆ ಹೋಗಿ ನೋಡಿದರೆ, ಬದಲಾಯಿಸಿಕೊಂಡವರಲ್ಲಿ ಮಧುಮೇಹ ಸುಮಾರು ನಾಲ್ಕು ವರ್ಷ ತಡವಾಗಿ ಬಂದಿತ್ತು, ಹೃದ್ರೋಗದ ಸಾವುಗಳೂ ಕಡಿಮೆಯಾಗಿದ್ದವು. ಅಮೆರಿಕದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ 2002ರಲ್ಲಿ ತೋರಿಸಿದ್ದು ಇನ್ನೂ ಸೊಗಸಾಗಿದೆ. ವಾರಕ್ಕೆ 150 ನಿಮಿಷ ನಡಿಗೆ, ದೇಹದ ತೂಕದಲ್ಲಿ ಶೇ 7 ಇಳಿಕೆ. ಇಷ್ಟರಿಂದ ಮಧುಮೇಹ ಶೇ 58ರಷ್ಟು ಕಡಿಮೆ, ಮೆಟ್‌ಫಾರ್ಮಿನ್‌ನಿಂದ ಶೇ 31. ಅರವತ್ತು ದಾಟಿದವರಲ್ಲಿ ನಡಿಗೆಯ ಫಲ ಶೇ 71! ವಯಸ್ಸಾದ ಮೇಲೆ ಬದಲಾಯಿಸಿ ಏನು ಪ್ರಯೋಜನ ಎನ್ನುವವರಿಗೆ ನಾನು ಹೇಳುವ ಅಂಕಿ ಇದೊಂದೇ. ನಿಮ್ಮ ತಂದೆಗೆ ಈ ಹೊತ್ತು ಕಳೆದಿದೆ, ಆದರೆ ನಿಮಗೆ ಕಳೆದಿಲ್ಲ.

ಡಿಮೆನ್ಷಿಯಾ ತಡೆಯುವ ಮಾತು ಇಷ್ಟು ಖಚಿತವಲ್ಲ. ಹಾಗಂತ ಬರಿಗೈಯೂ ಅಲ್ಲ. ಸ್ಪ್ರಿಂಟ್ ಎಂಬ ಅಧ್ಯಯನ 9,361 ಜನರಲ್ಲಿ ಮೇಲಿನ ಬಿಪಿಯನ್ನು 140ಕ್ಕಿಂತ ಕೆಳಗಿಟ್ಟರೆ ಸಾಕೇ, 120ಕ್ಕೆ ಇಳಿಸಬೇಕೇ ಎಂದು ಕೇಳಿತು. ಬಿಗಿ ಗುಂಪಿನಲ್ಲಿ ಸಾವು, ಹೃದ್ರೋಗ ಎಷ್ಟು ಕಡಿಮೆಯಾದವೆಂದರೆ 2015ರಲ್ಲಿ ಬೇಗನೆ ನಿಲ್ಲಿಸಿಬಿಟ್ಟರು. ಆ ಒಳ್ಳೆಯ ಸುದ್ದಿಯೇ ಮರೆವಿನ ಪ್ರಶ್ನೆಗೆ ಮುಳುವಾಯಿತು. ಡಿಮೆನ್ಷಿಯಾ ನಿಧಾನವಾಗಿ ಬರುವ ಕಾಯಿಲೆ, ಅದನ್ನು ಎಣಿಸುವಷ್ಟು ಹೊತ್ತು ಉಳಿಯಲಿಲ್ಲ. ಡಿಮೆನ್ಷಿಯಾಕ್ಕೆ ಮುಂಚಿನ ಹಂತದ ಮರೆವು ಶೇ 19 ಕಡಿಮೆಯಾಯಿತು, ಪೂರ್ಣ ಡಿಮೆನ್ಷಿಯಾದ ಇಳಿಕೆ ಮಾತ್ರ ಆಕಸ್ಮಿಕವಲ್ಲ ಎನ್ನುವಷ್ಟು ಗಟ್ಟಿಯಾಗಿರಲಿಲ್ಲ. ಕೊರತೆ ತುಂಬಿದ್ದು ಚೀನಾದ 326 ಹಳ್ಳಿಗಳು. ಅಲ್ಲಿ ದೊಡ್ಡ ಪದವಿಯಿಲ್ಲದ ಹಳ್ಳಿ ವೈದ್ಯರೇ ಬಿಪಿ ಅಳೆದು, ಮಾತ್ರೆ ಕೊಟ್ಟು, ಬೆನ್ನುಹತ್ತಿ ನೋಡಿಕೊಂಡರು. ಸುಮಾರು 34 ಸಾವಿರ ಜನರಲ್ಲಿ ನಾಲ್ಕು ವರ್ಷಕ್ಕೆ ಡಿಮೆನ್ಷಿಯಾ ಶೇ 15ರಷ್ಟು ಕಡಿಮೆಯಾಯಿತು ಎಂದು 2025ರಲ್ಲಿ ವರದಿಯಾಯಿತು. ಹೊಸ ಔಷಧವಿಲ್ಲ, ಸ್ಕ್ಯಾನ್ ಇಲ್ಲ. ನಾನು ಈ ಕ್ಷೇತ್ರದಲ್ಲಿ ಇತ್ತೀಚೆಗೆ ಓದಿದ್ದರಲ್ಲಿ ಇಷ್ಟು ಸಂತೋಷ ಕೊಟ್ಟದ್ದು ಬೇರೆ ಇಲ್ಲ.

ಆದರೆ ತಂದೆಯ ಬಿಪಿಯನ್ನು 120ಕ್ಕೆ ಇಳಿಸಿ ಎಂದು ಡಾಕ್ಟರ ಬಳಿ ಓಡಬೇಡಿ. ಸ್ಪ್ರಿಂಟ್‌ನಲ್ಲಿ ಮಧುಮೇಹಿಗಳನ್ನು ಸೇರಿಸಿಕೊಂಡಿರಲಿಲ್ಲ, ಡಿಮೆನ್ಷಿಯಾ ಇದ್ದವರನ್ನೂ ಸೇರಿಸಿಕೊಂಡಿರಲಿಲ್ಲ. ಈ ಇಡೀ ಕ್ಷೇತ್ರದ ನಿಜವಾದ ಹುಳುಕು ಇದು. ಅಧ್ಯಯನಗಳು ಒಂದೇ ಕಾಯಿಲೆಯಿರುವ, ಚುರುಕಾಗಿರುವ ಹಿರಿಯರನ್ನು ಆರಿಸಿಕೊಳ್ಳುತ್ತವೆ, ಮನೆಗಳಲ್ಲಿರುವುದು ಮೂರು ಕಾಯಿಲೆಯ, ಎಂಟು ಮಾತ್ರೆಯ, ಹಾಸಿಗೆಯಿಂದ ಏಳಲು ಕೈ ಬೇಕಾದ ಹಿರಿಯರು. ಸಕಾರಣವಿಲ್ಲದೆ ವಯಸ್ಸಿನ ಮೇಲೆ ಜನರನ್ನು ಹೊರಗಿಡುವಂತಿಲ್ಲ ಎಂಬ ನಿಯಮವನ್ನು ಎನ್‌ಐಎಚ್ ತಂದದ್ದೇ 2019ರಲ್ಲಿ. ನಿಮ್ಮ ತಂದೆಯಂಥವರಿಗೆ ಯಾವುದು ಸರಿ ಎಂಬ ಪ್ರಶ್ನೆಗೆ ಎಷ್ಟೋ ಸಲ ವೈದ್ಯರು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಉತ್ತರಿಸುವುದಕ್ಕೆ ಕಾರಣವೂ ಇದೇ. ಅವರ ಕೈಯಲ್ಲಿ ಅಂಥವರ ಮೇಲೆ ನಡೆದ ಅಧ್ಯಯನವೇ ಇರುವುದಿಲ್ಲ.

ಈಗ ನಿಮ್ಮ ವಿಷಯ. ಪತ್ರದಲ್ಲಿ ತಂದೆಯ ಬಗ್ಗೆ ನಾಲ್ಕು ಸಾಲು ಬರೆದು ನಿಮ್ಮ ಬಗ್ಗೆ ಒಂದೇ ಸಾಲು ಬರೆದಿದ್ದೀರಿ. ಸಂಶೋಧನೆಯೂ ಬಹಳ ಕಾಲ ಹಾಗೆಯೇ ಇತ್ತು, ನೋಡಿಕೊಳ್ಳುವವರು ಅದರ ಕಣ್ಣಿಗೆ ಬೀಳುತ್ತಿರಲಿಲ್ಲ. 1995ರ ಒಂದು ಪುಟ್ಟ ಪ್ರಯೋಗ ನನಗೆ ಮರೆಯಲಾಗದ್ದು. ಡಿಮೆನ್ಷಿಯಾ ಇರುವವರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರು, ಅದೇ ವಯಸ್ಸಿನ, ಅಂಥ ಹೊಣೆಯಿಲ್ಲದ ಇನ್ನು 13 ಮಂದಿ. ಎಲ್ಲರ ತೋಳಿನಲ್ಲೂ ಒಂದೇ ಅಳತೆಯ ಪುಟ್ಟ ಗಾಯ ಮಾಡಿ ಎಷ್ಟು ದಿನಕ್ಕೆ ಮಾಯುತ್ತದೆ ಎಂದು ನೋಡಿದರು. ನೋಡಿಕೊಳ್ಳುವವರ ಗಾಯ ಮಾಯಲು ಒಂಬತ್ತು ದಿನ ಹೆಚ್ಚು ಬೇಕಾಯಿತು. ಆಯಾಸ ಮನಸ್ಸಿನದ್ದು ಮಾತ್ರವಲ್ಲ, ಚರ್ಮದ ಕೆಳಗೂ ಅದರ ಗುರುತು ಇರುತ್ತದೆ ಎಂಬುದು ಆಗ ಅಳತೆಗೆ ಸಿಕ್ಕಿತು. 1999ರಲ್ಲಿ ಇನ್ನೊಂದು ಅಧ್ಯಯನ ಬೆಚ್ಚಿಬೀಳಿಸಿತು: ಸಂಗಾತಿಯನ್ನು ನೋಡಿಕೊಳ್ಳುತ್ತ ಆ ಹೊರೆಯಿಂದ ಬಳಲುತ್ತಿದ್ದ ಹಿರಿಯರಲ್ಲಿ ನಾಲ್ಕು ವರ್ಷದೊಳಗೆ ಸಾಯುವ ಅಪಾಯ ಶೇ 63 ಹೆಚ್ಚು.

ಈ ಅಂಕಿ ಇಂದಿಗೂ ಎಲ್ಲೆಡೆ ಹರಿದಾಡುತ್ತದೆ, ಸಾಮಾನ್ಯವಾಗಿ ಅರ್ಧ ಮಾತ್ರ. ಅದೇ ಅಧ್ಯಯನದಲ್ಲಿ, ನೋಡಿಕೊಳ್ಳುತ್ತಿದ್ದರೂ ಬಳಲಿಕೆಯಿಲ್ಲ ಎಂದವರಲ್ಲಿ ಆ ಅಪಾಯ ಕಾಣಲಿಲ್ಲ. 2013ರಲ್ಲಿ ಇನ್ನೂ ದೊಡ್ಡ ಅಧ್ಯಯನವೊಂದು ಮೂರೂವರೆ ಸಾವಿರ ಆರೈಕೆದಾರರನ್ನು ಅವರಂಥದೇ ಹಿನ್ನೆಲೆಯ ಇತರರ ಜೊತೆ ಹೋಲಿಸಿದಾಗ ಆರೈಕೆದಾರರ ಸಾವಿನ ಪ್ರಮಾಣ ಶೇ 18 ಕಡಿಮೆಯೇ ಇತ್ತು. ಅಂದರೆ ಜೀವ ಹಿಂಡುವುದು ಆರೈಕೆಯಲ್ಲ. ಬಿಡುವಿಲ್ಲದ, ಹಂಚಿಕೊಳ್ಳುವವರಿಲ್ಲದ, ಏನು ಮಾಡಬೇಕೆಂದು ಯಾರೂ ಹೇಳಿಕೊಡದ ಆರೈಕೆ. ಹಾಗಿದ್ದರೆ ಅದಕ್ಕೆ ಪರಿಹಾರವೂ ಇರಬೇಕಲ್ಲ? ಇದೆ, ಪರೀಕ್ಷಿಸಿಯೂ ಆಗಿದೆ.

ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಮೇರಿ ಮಿಟಲ್‌ಮನ್ ಮತ್ತು ಸಂಗಡಿಗರು 1987ರಿಂದ, ಆಲ್ಜೈಮರ್ಸ್ (ಡಿಮೆನ್ಷಿಯಾದ ಅತಿ ಸಾಮಾನ್ಯ ರೂಪ) ಇರುವ ಸಂಗಾತಿಯನ್ನು ನೋಡಿಕೊಳ್ಳುತ್ತಿದ್ದ 406 ಮಂದಿಯೊಡನೆ ಕೆಲಸ ಮಾಡಿದರು. ಕೊಟ್ಟದ್ದು ಆರು ಸಮಾಲೋಚನೆ: ಎರಡು ಒಬ್ಬರೊಡನೆ, ನಾಲ್ಕು ಕುಟುಂಬದವರನ್ನೆಲ್ಲ ಕೂರಿಸಿಕೊಂಡು. ಆಮೇಲೆ ಒಂದು ಬೆಂಬಲ ಗುಂಪು, ಬೇಕೆಂದಾಗ ಒಂದು ಫೋನ್. ರೋಗಿಯನ್ನು ಆರೈಕೆ ಗೃಹಕ್ಕೆ ಸೇರಿಸಬೇಕಾದ ದಿನ 557 ದಿನಗಳಷ್ಟು ಮುಂದೆ ಹೋಯಿತು. ಅದು ಮುಂದೆ ಹೋದದ್ದು ನೋಡಿಕೊಳ್ಳುವವರನ್ನು ಹಿಂಡಿ ಅಲ್ಲ, ಅವರ ಖಿನ್ನತೆಯೂ ಕಡಿಮೆಯಾಗಿತ್ತು. ಲಂಡನ್ನಿನ ಗಿಲ್ ಲಿವಿಂಗ್‌ಸ್ಟನ್ ತಂಡದ ಸ್ಟಾರ್ಟ್ ಅಧ್ಯಯನ ಬ್ರಿಟಿಷ್ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆಯ ಹಣದ್ದು. 260 ಆರೈಕೆದಾರರು, ಎಂಟು ಭೇಟಿ, ಹೇಳಿಕೊಟ್ಟವರು ದೊಡ್ಡ ತಜ್ಞರಲ್ಲ, ತರಬೇತಿ ಪಡೆದ ಮನಶ್ಶಾಸ್ತ್ರ ಪದವೀಧರರು. ಎರಡು ವರ್ಷದ ನಂತರ ನೋಡಿದರೆ, ಆ ಎಂಟು ಭೇಟಿ ಸಿಗದವರು ಚಿಕಿತ್ಸೆ ಬೇಕಾಗುವ ಮಟ್ಟದ ಖಿನ್ನತೆಗೆ ಬೀಳುವ ಸಾಧ್ಯತೆ ಏಳು ಪಟ್ಟು. ಆರು ವರ್ಷದ ನಂತರವೂ ಫಲ ಉಳಿದಿತ್ತು. ಎಂಟು ಭೇಟಿಯಿಂದ ಆರು ವರ್ಷ! ಇಂಥ ಫಲ ಕೊಡುವ ಮಾತ್ರೆಯೇನಾದರೂ ಇದ್ದಿದ್ದರೆ ಊರೂರಿನಲ್ಲಿ ಅದರ ಜಾಹೀರಾತು ರಾರಾಜಿಸುತ್ತಿತ್ತು.

ಆ ಭೇಟಿಗಳಲ್ಲಿ ನಡೆದದ್ದರಲ್ಲಿ ನೀವು ಇಂದೇ ಎತ್ತಿಕೊಳ್ಳಬಹುದಾದದ್ದು ಇದೆ. ಯಾವ ನಡವಳಿಕೆ ನಿಮ್ಮನ್ನು ಹೆಚ್ಚು ಸುಸ್ತು ಮಾಡುತ್ತದೋ ಅದನ್ನು ಬರೆದಿಡಿ: ಅದು ಯಾವ ಹೊತ್ತಿನಲ್ಲಿ, ಅದಕ್ಕೆ ಮುಂಚೆ ಏನಾಗಿತ್ತು, ಆಮೇಲೆ ನೀವೇನು ಮಾಡಿದಿರಿ. ಒಂದೆರಡು ವಾರದಲ್ಲಿ ಅದರ ಜಾಡು ಕಾಣುತ್ತದೆ, ಎಷ್ಟೋ ಸಲ ಕಾರಣ ಹಸಿವು, ನೋವು, ಮೂತ್ರದ ಒತ್ತಡ ಅಥವಾ ಸಂಜೆಯ ಮಬ್ಬು ಬೆಳಕು ಆಗಿರುತ್ತದೆ. ನೀವು ಹಿಂದೆ ಇಷ್ಟಪಟ್ಟು ಮಾಡುತ್ತಿದ್ದ ಒಂದು ಕೆಲಸಕ್ಕೆ ವಾರದಲ್ಲಿ ಗೊತ್ತಾದ ಒಂದು ಹೊತ್ತು ಇಡಿ, ಆ ಹೊತ್ತಿಗೆ ತಂದೆಯ ಜೊತೆ ಯಾರಿರುತ್ತಾರೆ ಎಂದು ಮೊದಲೇ ನಿಗದಿ ಮಾಡಿ. ಮುಂದೆ ಕಾಯಿಲೆ ಬಲಿತಾಗ ಏನು ಮಾಡುವುದು ಎಂಬ ಮಾತನ್ನು ತಂದೆ ಇನ್ನೂ ತಮ್ಮ ಇಷ್ಟ ಹೇಳಬಲ್ಲವರಾಗಿರುವಾಗಲೇ ಆಡಿ. ನ್ಯೂಯಾರ್ಕಿನ ಫಲಿತಾಂಶದಲ್ಲಿ ನನಗೆ ಎದ್ದು ಕಂಡದ್ದು ಮಾತ್ರ ಆ ನಾಲ್ಕು ಕುಟುಂಬ ಸಭೆಗಳು. ಒಡಹುಟ್ಟಿದವರು ಇದ್ದರೆ 'ಸಹಾಯ ಮಾಡಿ' ಎಂದು ಬಿಡುಬೀಸಾಗಿ ಕೇಳಬೇಡಿ, ಇಂಥ ದಿನ, ಇಂಥ ಕೆಲಸ ಎಂದು ಕೇಳಿ.

ಹಾಗಿದ್ದರೆ ಇದೆಲ್ಲ ನಿಮ್ಮವರೆಗೆ ಏಕೆ ಬಂದಿಲ್ಲ? ನಿಮ್ಮ ಸಿಟ್ಟಿಗೆ ನಾನು ಪೂರ್ತಿ ತಲೆಬಾಗುವುದು ಇಲ್ಲಿ. ಎನ್‌ಐಎ ಸಂಸ್ಥೆಯ ವಾರ್ಷಿಕ ಬಜೆಟ್ಟು 400 ಕೋಟಿ ಡಾಲರ್ ದಾಟಿದೆ, ಅದರಲ್ಲಿ ಸಿಂಹಪಾಲು ಆಲ್ಜೈಮರ್ಸ್ ಮತ್ತು ಅಂಥ ಕಾಯಿಲೆಗಳಿಗೆ. ಆರೈಕೆಯ ಸಂಶೋಧನೆಗೆ ಸಿಗುವುದು ಅದರ ಸಣ್ಣ ಚೂರು, ಹೆಚ್ಚಿನದು ಅಣು, ಜೀನ್, ಪ್ರೋಟೀನುಗಳಿಗೆ ಹೋಗುತ್ತದೆ. ಅದೂ ಬೇಕಾದದ್ದೇ. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಂತೆ ವಿಜ್ಞಾನಿಗಳು ತಮ್ಮ ಸಿದ್ಧಾಂತಕ್ಕೆ ಅಂಟಿಕೊಂಡು ಕೂತದ್ದೂ ಉಂಟು. ಆಲ್ಜೈಮರ್ಸ್ ಬಗ್ಗೆ 2006ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದು, ಸಾವಿರಾರು ಸಲ ಉಲ್ಲೇಖವಾದ ಪ್ರಬಂಧವೊಂದನ್ನು, ಅದರ ಚಿತ್ರಗಳನ್ನು ತಿದ್ದಲಾಗಿತ್ತೆಂದು 2024ರಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ಸಾರ್ವಜನಿಕ ಹಣವೂ ಹೀಗೆ ಪೋಲಾಗುತ್ತದೆ. ಇನ್ನು ಆರೈಕೆಯ ವಿಷಯದಲ್ಲಿ ಫಲಿತಾಂಶ ಬಂದ ಮೇಲೂ ಅದನ್ನು ಜನರಿಗೆ ಮುಟ್ಟಿಸುವ ಕೆಲಸ ಯಾರದ್ದೂ ಅಲ್ಲ. ಔಷಧವಾದರೆ ಕಂಪನಿಯ ಪ್ರತಿನಿಧಿ ಡಾಕ್ಟರ ಬಾಗಿಲು ತಟ್ಟುತ್ತಾನೆ, ಎಂಟು ಭೇಟಿಗಳ ಪರವಾಗಿ ಯಾರೂ ತಟ್ಟುವುದಿಲ್ಲ. ಮಿಟಲ್‌ಮನ್ ಶುರುಮಾಡಿದ್ದು 1987ರಲ್ಲಿ ಅಂದೆನಲ್ಲ? ಡಿಮೆನ್ಷಿಯಾ ಕುಟುಂಬಗಳಿಗೆ ತರಬೇತಿ, ಸಲಹೆ, ಸ್ವಲ್ಪ ಬಿಡುವು ಕೊಡಿಸುವ ಯೋಜನೆಯೊಂದಕ್ಕೆ ಅಮೆರಿಕದ ಸರ್ಕಾರಿ ವಿಮೆ ಹಣ ಕೊಡಲು ಶುರುಮಾಡಿದ್ದು 2024ರ ಜುಲೈನಲ್ಲಿ, ಅದೂ ಎಂಟು ವರ್ಷದ ಪ್ರಯೋಗವಾಗಿ.

ಹಣದ ಹರಿವೂ ಸ್ಥಿರವಲ್ಲ. 2025ರ ಏಪ್ರಿಲ್‌ನಲ್ಲಿ, ನಾನು ಮೇಲೆ ಹೇಳಿದ ಮಹಿಳೆಯರ ಅಧ್ಯಯನದ ಪ್ರಾದೇಶಿಕ ಕೇಂದ್ರಗಳನ್ನೇ ಮುಚ್ಚುವ ತೀರ್ಮಾನ ಹೊರಬಿತ್ತು, ಗಲಾಟೆಯಾದ ಮೇಲೆ ಕೆಲವೇ ದಿನಗಳಲ್ಲಿ ಹಿಂತೆಗೆದರು. ಮೂವತ್ತು ವರ್ಷ ಜೋಪಾನ ಮಾಡಿದ ಪಟ್ಟಿಯ ಜಾಡು ಒಮ್ಮೆ ತಪ್ಪಿದರೆ ಆಮೇಲೆ ಎಷ್ಟು ದುಡ್ಡು ಕೊಟ್ಟರೂ ಅದು ಕೂಡಿಬರುವುದಿಲ್ಲ.

ಕೊನೆಗೆ, ತಂದೆಯನ್ನು ಸೇರಿಸಬಹುದೇ? ಸೇರಿಸಬಹುದು, ಕೆಲವು ವಿಷಯ ಕೇಳಿಕೊಂಡು. ಇದು ಬರೀ ಅಳೆದು ನೋಡುವ ಅಧ್ಯಯನವೋ, ಚಿಕಿತ್ಸೆ ಕೊಟ್ಟು ನೋಡುವ ಟ್ರಯಲ್ಲೋ ಎಂಬುದು ಮೊದಲ ಪ್ರಶ್ನೆ. ಅಮೆರಿಕದಲ್ಲಿ 1992ರಲ್ಲಿ ಶುರುವಾದ ನಿವೃತ್ತರ ಆರೋಗ್ಯ ಸಮೀಕ್ಷೆಯ ಮಾದರಿಯಲ್ಲಿ ಇಂಗ್ಲೆಂಡ್, ಯುರೋಪ್, ಚೀನಾ, ಭಾರತ ಎಲ್ಲೆಡೆ ದೊಡ್ಡ ಸಮೀಕ್ಷೆಗಳು ನಡೆಯುತ್ತಿವೆ. ಲಾಸಿ ಎಂಬ ಭಾರತದ ಸಮೀಕ್ಷೆಯಲ್ಲಿ 45 ದಾಟಿದ 72 ಸಾವಿರಕ್ಕೂ ಹೆಚ್ಚು ಜನ ಇದ್ದಾರೆ. ಅಂಥದ್ದರಲ್ಲಿ ಅಪಾಯ ಬಹಳ ಕಡಿಮೆ, ನೀವು ಕೊಡುವುದು ಒಂದಿಷ್ಟು ಸಮಯ, ಉತ್ತರ, ರಕ್ತದ ಮಾದರಿ. ಔಷಧದ ಟ್ರಯಲ್ ಆದರೆ ಹೆಚ್ಚು ಎಚ್ಚರ ಬೇಕು. ಸಾರ್ವಜನಿಕ ಟ್ರಯಲ್ ನೋಂದಣಿಯಲ್ಲಿ ಅದರ ಸಂಖ್ಯೆ ಇದೆಯೇ, ನೀತಿ ಸಮಿತಿ (ಎಥಿಕ್ಸ್ ಕಮಿಟಿ) ಒಪ್ಪಿದೆಯೇ, ಹಣ ಯಾರದ್ದು, ಫಲಿತಾಂಶ ಕೆಟ್ಟದ್ದಾದರೂ ಪ್ರಕಟಿಸುತ್ತಾರೆಯೇ, ಹಾನಿಯಾದರೆ ಚಿಕಿತ್ಸೆಯ ಹೊಣೆ ಯಾರದ್ದು ಎಂದು ಕೇಳಿ. ಸೇರಲು ನಿಮ್ಮಿಂದಲೇ ಹಣ ಕೇಳಿದರೆ ಎದ್ದು ಬನ್ನಿ, ಮುಪ್ಪನ್ನು ಹಿಂದಕ್ಕೆ ತಿರುಗಿಸುತ್ತೇವೆ ಎಂದು ಕಾಂಡಕೋಶ (ಸ್ಟೆಮ್ ಸೆಲ್) ಚುಚ್ಚುವ ಅಂಗಡಿಗಳು ತಮ್ಮ ವ್ಯಾಪಾರವನ್ನು ಟ್ರಯಲ್ ಎಂದೇ ಕರೆಯುತ್ತವೆ.

ಒಂದು ಮಾತು ಸ್ಪಷ್ಟವಿರಲಿ. ಟ್ರಯಲ್ ಎನ್ನುವುದು ನಿಮ್ಮ ತಂದೆಯ ಚಿಕಿತ್ಸೆಯಲ್ಲ. ಅವರಿಗೆ ಹುಸಿ ಮಾತ್ರೆಯೇ ಸಿಗಬಹುದು, ಆಗಲೂ ಅವರ ಸಕ್ಕರೆ, ಬಿಪಿಯ ಮಾಮೂಲಿ ಚಿಕಿತ್ಸೆ ನಿಲ್ಲಬಾರದು. ಮರೆವಿದ್ದವರ ಪರವಾಗಿ ನೀವು ಸಹಿ ಹಾಕಿದರೂ ಅವರಿಗೆ ಅರ್ಥವಾಗುವ ಮಟ್ಟಿಗೆ ವಿಷಯ ಹೇಳಿ, ಅವರ ಒಪ್ಪಿಗೆಯನ್ನೂ ಕೇಳಬೇಕು. ಸೂಜಿ ಕಂಡರೆ ಕೈ ಹಿಂದಕ್ಕೆಳೆದುಕೊಂಡರೆ ಅದೂ ಒಂದು ಉತ್ತರವೇ. ಯಾವ ದಿನ ಬೇಕಾದರೂ ಕಾರಣ ಕೊಡದೆ ಹೊರಬರುವ ಹಕ್ಕಿದೆ.

ಜೊತೆಗೆ, ಆಸ್ಪತ್ರೆಯವರು ತಂದೆಗಾಗಿ ಟ್ರಯಲ್ ಇದೆ ಎಂದಾಗ 'ನೋಡಿಕೊಳ್ಳುವವರ ಮೇಲಿನ ಅಧ್ಯಯನ ಯಾವುದಾದರೂ ನಡೆಯುತ್ತಿದೆಯೇ' ಎಂದೂ ಕೇಳಿ. ಇದ್ದರೆ ಮೊದಲು ಅದಕ್ಕೆ ನಿಮ್ಮ ಹೆಸರು ಬರೆಸಿ.